ಬಿಟ್ಟಿ ಪಾಠವೂ ಬಿಟ್ಟ ಹೊಣೆಯೂ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿರುವವರ ಮಗಳು ಮೊನ್ನೆ ಒಂದು ದಪ್ಪ ನೋಟ್‌ಬುಕ್ಕನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಬಿ.ಎ. ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಒಳ್ಳೆಯ ಅಂಕಗಳೊಡನೆ ಮುಗಿಸಿದವಳು, ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಸ್ಥಳ ದೊರೆತಿದೆ. ಪ್ರವೇಶದ ಕಾಗದದೊಂದಿಗೆ ಒಂದು ಸೂಚನೆಯೂ ಬಂದಿತ್ತಂತೆ. ತರಗತಿಗಳು ಆರಂಭವಾಗುವುದಕ್ಕೆ ಮೊದಲು ವಿದ್ಯಾರ್ಥಿಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ಇಂತಿಂಥ ಪಾಠಗಳನ್ನು ನೋಡಿ ಸಿದ್ಧರಾಗಿ ಬರತಕ್ಕದ್ದು ಎಂಬುದಾಗಿ. ಹುಡುಗಿ ವಿಧೇಯಳು. ಮೂರು ವಾರ ಕುಳಿತು ನೋಡಿದ್ದಳು. ನೋಡಿದ್ದಷ್ಟೇ ಅಲ್ಲ, ಪರದೆಯ ಮೇಲೆ ಮೂಡಿದ್ದನ್ನೆಲ್ಲ ಮುತ್ತಿನಂಥ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು.

“ಮೇಷ್ಟ್ರೇ, ಡೆರಿವೇಟಿವ್ ತೆಗೆಯೋದು ಬಂತು. ಇಲ್ಲಿ ಯಾಕೆ ತೆಗೆದರು ಅನ್ನೋದೇ ತಿಳೀಲಿಲ್ಲ” ಎಂದಳು.

ಟೊಮೇಟೊ ಕಿಲೋಗೆ 20 ರೂಪಾಯಿ ಇದ್ದದ್ದು 21 ಆದರೆ ನಿಮ್ಮ ತಾಯಿ ಎಷ್ಟು ಕಡಿಮೆ ಕೊಂಡಾರು? 80 ಇದ್ದದ್ದು 81 ಆದರೆ? ಬೆಲೆ ಒಂದಿಷ್ಟೇ ಅಲುಗಿದಾಗ ಕೊಳ್ಳುವ ಪ್ರಮಾಣ ಆಯಾ ಮಟ್ಟದಲ್ಲಿ ಯಾವ ವೇಗದಿಂದ ಬದಲಾಗುತ್ತದೆ ಎಂಬುದನ್ನು ಹಿಡಿಯುವುದಕ್ಕೆ ಆ ಲೆಕ್ಕ. ಏರಿದ್ದು ಎರಡು ಕಡೆಯೂ ಒಂದೇ ರೂಪಾಯಿ. ಆದರೆ 20ರ ಮೇಲೆ ಅದು ನೂರಕ್ಕೆ 5, 80ರ ಮೇಲೆ ನೂರಕ್ಕೆ ಒಂದೂಕಾಲು. ಇದನ್ನೂ ಸೇರಿಸಿಕೊಂಡು ನೋಡಿದರೆ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎಂಬ ಭಾರೀ ಹೆಸರಿನ ಒಳಗೆ ಏನಿದೆ ಎಂಬುದು ತಿಳಿಯುತ್ತದೆ. ಇಷ್ಟನ್ನು ಹೇಳುವುದಕ್ಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಾಯಿತು. “ಇಷ್ಟೇನಾ!” ಎಂದು ಆಕೆ ನಕ್ಕಳು. ನನಗೆ ನಗು ಬರಲಿಲ್ಲ. ಮೂರು ವಾರ ಆ ಹುಡುಗಿ ತನಗೆ ಬುದ್ಧಿ ಸಾಲದೆಂದು ನಂಬಿಕೊಂಡಿದ್ದಳು.

ವಾಚಕರು ಇಲ್ಲಿಗೇ ನನ್ನನ್ನು ಹಳೆಯ ಕಾಲದ ಮೇಷ್ಟ್ರೆಂದು ಪಕ್ಕಕ್ಕೆ ಸರಿಸಬಾರದು. ಈ ಉಚಿತ ಪಾಠಗಳ ಮೇಲೆ ನನಗೆ ಹಗೆ ಇಲ್ಲ. 2003ರಲ್ಲಿ ಏಳು ಐ.ಐ.ಟಿ.ಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಆರಂಭಿಸಿದವು. 2017ರಲ್ಲಿ ಕೇಂದ್ರ ಸರ್ಕಾರ ‘ಸ್ವಯಂ’ ಎಂಬ ವೇದಿಕೆಯನ್ನು ತೆರೆಯಿತು. ಪಾಠ ಕೇಳುವುದಕ್ಕೆ ಹಣವಿಲ್ಲ. ಪ್ರಮಾಣಪತ್ರ ಬೇಕೆಂದು ಪರೀಕ್ಷೆಗೆ ಕುಳಿತರೆ ಮಾತ್ರ ಶುಲ್ಕ. ಹಿಂದೆ ಆಯ್ದ ಕೆಲವರಿಗಷ್ಟೇ ಕೇಳಸಿಗುತ್ತಿದ್ದ ಪ್ರಾಧ್ಯಾಪಕರ ಉಪನ್ಯಾಸ ಇಂದು ತಾಲ್ಲೂಕಿನ ಊರೊಂದರ ಅಡಿಗೆಮನೆಯ ಮೂಲೆಯಲ್ಲಿ ಕೇಳಿಸುತ್ತದೆ. ಇದು ಸಣ್ಣ ಮಾತಲ್ಲ. ಇದನ್ನು ಹಳಿಯುವವನು ಪುಸ್ತಕ ಭಂಡಾರವನ್ನೂ ಹಳಿಯಬೇಕಾದೀತು.

ಆದರೆ ಪುಸ್ತಕ ಭಂಡಾರದ ಬೀಗ ತೆಗೆದ ಮಾತ್ರಕ್ಕೆ ಪಾಠಶಾಲೆಯ ಬಾಗಿಲು ಹಾಕಬಹುದೆಂದು ಯಾರಾದರೂ ಹೇಳಿದ್ದುಂಟೆ? ನಮ್ಮಲ್ಲಿ ಈಗ ಆಗುತ್ತಿರುವುದು ಹೆಚ್ಚುಕಡಿಮೆ ಅದೇ. ಎಂ.ಎ.ಗೆ ಬರುವ ವಿದ್ಯಾರ್ಥಿ ಸಿದ್ಧನಾಗಿಲ್ಲವೆಂದು ಎಲ್ಲ ಅಧ್ಯಾಪಕರೂ ಗೊಣಗುತ್ತಾರೆ. ಅವನನ್ನು ಸಿದ್ಧಪಡಿಸುವವರು ಯಾರು ಎಂದು ಕೇಳಿದರೆ ಅಂತರಜಾಲದ ಕಡೆಗೆ ಬೆರಳು ತೋರಿಸುತ್ತಾರೆ. ಪಾಠ ಬಿಟ್ಟಿಯಾಗಿ ಸಿಗುತ್ತದೆ ಎಂಬುದು ಹೊಣೆಯನ್ನು ಬಿಟ್ಟುಬಿಡುವುದಕ್ಕೆ ನೆಪವಾಗಿದೆ.

‘ಸಿದ್ಧತೆ’ ಎಂಬ ಮಾತಿನಲ್ಲಿಯೇ ಒಂದು ಗೊಂದಲವುಂಟು. ಪ್ರವೇಶ ಪರೀಕ್ಷೆಗೆ ಸಿದ್ಧವಾಗುವುದು ಬೇರೆ, ಓದಿಗೆ ಸಿದ್ಧವಾಗುವುದು ಬೇರೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ತರಗತಿಗಳಿಗೆ ಸಿ.ಯು.ಇ.ಟಿ. ಎಂಬ ಸಾಮಾನ್ಯ ಪರೀಕ್ಷೆ ಬಂದಿದೆ. ಅಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿದರೆ ಕೆಲಸ ಮುಗಿಯಿತು. ಅಂತರಜಾಲದಲ್ಲಿ ‘ಉಚಿತ ತಯಾರಿ’ ಎಂಬ ಹೆಸರಿನಲ್ಲಿ ದೊರೆಯುವುದರಲ್ಲಿ ಬಹುಪಾಲು ಈ ಆರಿಸುವ ವಿದ್ಯೆಯೇ. ಎಂ.ಎ. ತರಗತಿ ಕೇಳುವುದಾದರೂ ಏನನ್ನು? ಒಂದು ಪ್ರಬಂಧವನ್ನು ಓದಿ, ಲೇಖಕನು ಏನನ್ನು ಸಾಧಿಸಹೊರಟಿದ್ದಾನೆ, ಅವನ ಆಧಾರ ಯಾವುದು, ಅದು ಎಲ್ಲಿ ಸಾಲದು ಎಂಬುದನ್ನು ಸ್ವಂತ ಮಾತಿನಲ್ಲಿ ಒಂದು ಪುಟ ಬರೆ ಎನ್ನುತ್ತದೆ. ಅಲ್ಲಿ ಆರಿಸುವುದಕ್ಕೆ ನಾಲ್ಕು ಉತ್ತರಗಳಿರುವುದಿಲ್ಲ.

ಆ ಹುಡುಗಿಗೂ ನಾನು ಹಾಗೆಯೇ ಒಂದು ಪುಟ ಬರೆದು ತಾ ಎಂದೆ. ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, “ಮೂರು ವರ್ಷದಲ್ಲಿ ಯಾರೂ ಸ್ವಂತವಾಗಿ ಬರಿ ಅಂದಿರಲಿಲ್ಲ ಮೇಷ್ಟ್ರೇ, ಗೈಡಿನಲ್ಲಿದ್ದದ್ದನ್ನೇ ಬರೀತಿದ್ದೆವು” ಎಂದಳು. ಬರೆದದ್ದರಲ್ಲಿ ತಪ್ಪುಗಳಿದ್ದವು; ವಿಚಾರವೂ ಇತ್ತು. ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಮರುದಿನ ಬಂದ ಪುಟ ಮೊದಲಿನದಕ್ಕಿಂತ ಎಷ್ಟೋ ಮೇಲಾಗಿತ್ತು. ಈ ತಿದ್ದುವ ಕೈಯೇ ಉಚಿತ ಪಾಠದಲ್ಲಿ ಇಲ್ಲದಿರುವುದು.

ಅಲ್ಲಿಯೂ ಪ್ರಶ್ನೆ ಕೇಳುವ ವ್ಯವಸ್ಥೆಯಿದೆ ಎನ್ನುವವರುಂಟು. ನಿಜವೇ. ಆದರೆ ಏನು ತಿಳಿಯಲಿಲ್ಲವೆಂಬುದೇ ತಿಳಿಯದವನು ಏನನ್ನು ಬರೆದು ಕೇಳಬೇಕು? ಅದನ್ನೂ ಇಂಗ್ಲಿಷಿನಲ್ಲಿ? ಎದುರಿಗೆ ಕುಳಿತ ಅಧ್ಯಾಪಕನಿಗೆ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ. ಯಂತ್ರದೊಳಗಿನ ಪ್ರಾಧ್ಯಾಪಕರು, ಪಾಪ, ಮುಂದಿನ ಸಮೀಕರಣಕ್ಕೆ ಹೊರಟುಹೋಗಿರುತ್ತಾರೆ. ಕೆಲವು ಪಾಠಗಳಿಗೆ ಎನ್.ಪಿ.ಟಿ.ಇ.ಎಲ್.ನವರು ಕನ್ನಡದ ಅನುವಾದವನ್ನೂ ಒದಗಿಸಿದ್ದಾರೆ. ಸಂತೋಷ. ಆದರೆ ಅನುವಾದ ಭಾಷೆಯ ತೊಡಕನ್ನು ಬಿಡಿಸೀತೇ ಹೊರತು ಪುಟ ತಿದ್ದಲಾರದು.

ಒಂಟಿಯಾಗಿ ಕಲಿಯುವುದು ಎಷ್ಟು ಕಷ್ಟವೆಂಬುದಕ್ಕೆ ದೊಡ್ಡ ವಿಶ್ವವಿದ್ಯಾನಿಲಯಗಳ ಲೆಕ್ಕವೂ ಇದೆ. ಹಾರ್ವರ್ಡ್ ಮತ್ತು ಎಂ.ಐ.ಟಿ.ಯವರು ಅಂತರಜಾಲದಲ್ಲಿ ನಡೆಸಿದ ಪಾಠಗಳನ್ನು ಪರಿಶೀಲಿಸಿ ಇಬ್ಬರು ಸಂಶೋಧಕರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 2017–18ರಲ್ಲಿ ಹೆಸರು ನೋಂದಾಯಿಸಿದವರಲ್ಲಿ ಕೊನೆಯವರೆಗೆ ಮುಗಿಸಿದವರು ನೂರಕ್ಕೆ ಸುಮಾರು ಮೂರು ಮಂದಿ. ಹಣ ತೆತ್ತು ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ನೂರಕ್ಕೆ 46. ಕುತೂಹಲಕ್ಕೆ ಇಣಿಕಿ ಹೋದವರೂ ಮೊದಲಿನ ಲೆಕ್ಕದಲ್ಲಿ ಸೇರಿರುತ್ತಾರೆ, ಒಪ್ಪಿದೆ. ಆದರೂ ಒಂದು ಸಂಗತಿ ಕಾಣುತ್ತದೆ: ಮನುಷ್ಯನನ್ನು ಕಲಿಕೆಗೆ ಕಟ್ಟಿಹಾಕುವುದು ಪಾಠದ ಅಗ್ಗತನವಲ್ಲ, ಯಾವುದಾದರೊಂದು ಕಟ್ಟುಪಾಡು. ಬಡವರ ಮಕ್ಕಳಿಗೆ ಆ ಕಟ್ಟುಪಾಡನ್ನು ಹಣದ ಮೂಲಕ ಹಾಕುವುದು ಅನ್ಯಾಯ. ತರಗತಿಯ ಮೂಲಕ, ಜೊತೆಗಾರರ ಮೂಲಕ, ಹಾಜರಿ ಕೂಗುವ ಅಧ್ಯಾಪಕರ ಮೂಲಕ ಹಾಕಬಹುದು.

ಇದು ವಿಶ್ವವಿದ್ಯಾನಿಲಯದ ಕೆಲಸವೇ ಎಂದು ಕೇಳುವವರಿಗೆ ಒಂದು ಹಳೆಯ ಹೆಸರನ್ನು ನೆನಪಿಸುತ್ತೇನೆ. ಮನೆಮನೆಯಲ್ಲಿಯೂ ಪಿ.ಯು.ಸಿ. ಎನ್ನುತ್ತೇವಲ್ಲ, ಆ ಅಕ್ಷರಗಳ ಅರ್ಥವೇನು? ಪ್ರೀ–ಯೂನಿವರ್ಸಿಟಿ ಕೋರ್ಸು, ವಿಶ್ವವಿದ್ಯಾನಿಲಯದ ಓದಿಗೆ ಅಣಿಗೊಳಿಸುವ ತರಗತಿ. ಪ್ರೌಢಶಾಲೆಗೂ ಕಾಲೇಜಿಗೂ ನಡುವೆ ಕಂದಕವಿದೆಯೆಂದು ಕಂಡಾಗ ಹಿಂದಿನವರು ಸೇತುವೆ ಕಟ್ಟಿದರು. ಹುಡುಗರೇ ಈಜಿಕೊಂಡು ಬರಲಿ ಎನ್ನಲಿಲ್ಲ. ಇಂದು ಬಿ.ಎ.ಗೂ ಎಂ.ಎ.ಗೂ ನಡುವೆ ಅಂಥದೇ ಕಂದಕವಿದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ವರ್ಷಗಳನ್ನು ಕೂಡಿಸಿ ಕಳೆಯುವ ಈ ಗದ್ದಲದಲ್ಲಿ ಕಂದಕ ಮಾತ್ರ ಇದ್ದಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ದೊಡ್ಡದಲ್ಲ. ಎಂ.ಎ.ಯ ಮೊದಲ ಆರು ವಾರಗಳನ್ನು ಸಿದ್ಧತೆಗೆಂದು ಮೀಸಲಿಡಲಿ. ಆ ಉಚಿತ ಪಾಠಗಳೇ ಪಠ್ಯವಾಗಲಿ. ರಾತ್ರಿ ಮನೆಯಲ್ಲಿ ನೋಡಿ ಬರಲಿ, ಬೆಳಿಗ್ಗೆ ವಿಭಾಗದಲ್ಲಿ ಕುಳಿತು ಚರ್ಚಿಸಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಸಿಗಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಒಂದು ಪುಟ ಬರೆಯಲಿ, ಒಬ್ಬ ಅಧ್ಯಾಪಕರು ಅದನ್ನು ತಿದ್ದಿ ಕೊಡಲಿ. ನಲವತ್ತು ಮಂದಿಯ ತರಗತಿಯಲ್ಲಿ ವಾರಕ್ಕೆ ನಲವತ್ತು ಪುಟ. ನಾಲ್ವರು ಅಧ್ಯಾಪಕರು ಹಂಚಿಕೊಂಡರೆ ತಲೆಗೆ ಹತ್ತು. ಇದಕ್ಕೆ ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ.

ಅಧ್ಯಾಪಕರೇ ಇಲ್ಲ, ಇರುವವರು ಅತಿಥಿ ಉಪನ್ಯಾಸಕರು ಎಂಬ ಉತ್ತರ ಬರುವುದು ನನಗೆ ಗೊತ್ತು. ಅದು ಉತ್ತರವಲ್ಲ, ಇನ್ನೊಂದು ಅಪರಾಧದ ಒಪ್ಪಿಗೆ. ಖಾಲಿ ಹುದ್ದೆಗಳನ್ನು ತುಂಬದೆ ವರ್ಷಾನುಗಟ್ಟಲೆ ಕಾಲ ತಳ್ಳಿದವರು, ಆ ಖಾಲಿ ಕುರ್ಚಿಯ ಮೇಲೆ ಒಂದು ಪರದೆಯನ್ನು ಇಟ್ಟು ಕೈತೊಳೆದುಕೊಳ್ಳುವುದಕ್ಕೆ ನಾಗರಿಕರು ಬಿಡಬಾರದು. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ ‘ಸ್ವಯಂ’ ಮೂಲಕ ಪಡೆಯಲು ಅವಕಾಶವಿದೆ. ಸಿದ್ಧತೆಯ ವಿಷಯದಲ್ಲಿ ಇಂದು ಸುಮ್ಮನಿದ್ದರೆ ನಾಳೆ ಆ ಅವಕಾಶವೇ ವಾಡಿಕೆಯಾದೀತು.

ಮಕ್ಕಳನ್ನು ಎಂ.ಎ.ಗೆ ಸೇರಿಸಲು ಹೊರಟಿರುವ ತಂದೆತಾಯಿಗಳು ಶುಲ್ಕ ಕಟ್ಟುವ ದಿನ ವಿಭಾಗದ ಮುಖ್ಯಸ್ಥರನ್ನು ಒಂದೇ ಪ್ರಶ್ನೆ ಕೇಳಲಿ: “ನಮ್ಮ ಹುಡುಗಿ ಬರೆದ ಪುಟವನ್ನು ಇಲ್ಲಿ ಯಾರು ಓದುತ್ತಾರೆ?” ಹೆಸರು ಹೇಳಿದರೆ ಸಂತೋಷದಿಂದ ಸೇರಿಸಿ ಬನ್ನಿ. ಹೆಸರಿನ ಬದಲು ಅಂತರಜಾಲದ ವಿಳಾಸ ಕೊಟ್ಟರೆ, ಅದು ಮನೆಯಲ್ಲೇ ಸಿಗುತ್ತದಲ್ಲ, ನೀವು ಶುಲ್ಕ ತೆಗೆದುಕೊಳ್ಳುವುದು ಯಾತಕ್ಕೆ ಎಂದು ಅಲ್ಲಿಯೇ ಕೇಳಿ.