ಗಾಡಿ ನಮ್ಮದು, ಗ್ಯಾರೇಜು ನಮ್ಮದು. ಕಥೆ ಮಾತ್ರ ಇಂಗ್ಲಿಷಿನದೇ?



ಶಹಾಪುರದ ಹುಡುಗನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪ ಓಡಿಸಿ ಬಿಟ್ಟ ಮಾರುತಿ 800 ಅವನ ಪಾಲಿಗೆ ಬಂದಿದೆ. 1983ರಲ್ಲಿ ಹುಟ್ಟಿ 2014ರಲ್ಲಿ ನಿಂತುಹೋದ ಆ ಪುಟ್ಟ ಕಾರನ್ನು ಅವನು ಎರಡು ವರ್ಷ ಮನೆಯ ಅಂಗಳದಲ್ಲೇ ಬಿಚ್ಚಿದ್ದಾನೆ, ಕಟ್ಟಿದ್ದಾನೆ. ಸೀಟು ಹೊಲಿಸಿದ್ದು ಸುರಪುರದಲ್ಲಿ, ಲೇತ್ ಕೆಲಸ ಯಾದಗಿರಿಯಲ್ಲಿ, ಟಿಂಕರಿಂಗು ಪಕ್ಕದ ಓಣಿಯ ಮಿಸ್ತ್ರಿಯ ಕೈಯಲ್ಲಿ. ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಎದುರು ಗಾಡಿ ನಿಲ್ಲಿಸಿ, ಫೋಟೋ ತೆಗೆದು, ಕಾರು ಪತ್ರಿಕೆಯೊಂದಕ್ಕೆ ಕಳಿಸುತ್ತಾನೆ. 'ಹಾಕುತ್ತೇವೆ, ಗಾಡಿಯ ಕಥೆ ಬರೆದು ಕಳಿಸಿ' ಎಂದು ಉತ್ತರ ಬರುತ್ತದೆ. ಉತ್ತರ ಇಂಗ್ಲಿಷಿನಲ್ಲಿ. ಕಥೆಯೂ ಇಂಗ್ಲಿಷಿನಲ್ಲೇ ಬೇಕು!

ವೆಲ್ಡಿಂಗ್ ಕಿಡಿಗೆ ನಡುಗದ ಕೈ ಈಗ ನಡುಗುತ್ತದೆ. ಯಾರೋ ಇಂಗ್ಲಿಷ್ ಬಲ್ಲ ಗೆಳೆಯ ಬರೆದುಕೊಡುತ್ತಾನೆ. ಪತ್ರಿಕೆ ಬರುತ್ತದೆ, ಫೋಟೋ ಬರುತ್ತದೆ, ಹೆಸರೂ ಬರುತ್ತದೆ. ಅದನ್ನು ಮಿಸ್ತ್ರಿಗೆ ತೋರಿಸಲು ಓಡುತ್ತಾನೆ. ಮಿಸ್ತ್ರಿ ಕೈ ಒರೆಸಿಕೊಂಡು ಫೋಟೋ ನೋಡಿ ನಗುತ್ತಾನೆ. ಓದಲು ಅವನಿಗೆ ಬರುವುದಿಲ್ಲ. ಗಾಡಿಯ ಅರ್ಧ ಬೆವರು ಅವನದು. ಆ ಬೆವರಿನ ಕಥೆ ಅವನಿಗೇ ಮುಚ್ಚಿದ ಬಾಗಿಲು!

ಈ ಹುಡುಗ ಊಹೆಯವನು. ಆದರೆ ಆ ಮುಚ್ಚಿದ ಬಾಗಿಲು ಊಹೆಯದಲ್ಲ.

ಈ ದೇಶದಲ್ಲಿ ಕಾರು ಹುಚ್ಚಿನ ಪತ್ರಿಕೆಗಳೆಂದು ಹೆಸರು ಮಾಡಿದವು ಯಾವುವು? 1998ರಲ್ಲಿ ಶುರುವಾದ ಓವರ್‌ಡ್ರೈವ್, 1999ರಲ್ಲಿ ಬಂದ ಆಟೋಕಾರ್ ಇಂಡಿಯಾ. ಎರಡೂ ಇಂಗ್ಲಿಷಿನವು. ಅವುಗಳ ಮೇಲೆ ನಮಗೆ ಸಿಟ್ಟಿಲ್ಲ. ಅವರ ಕೆಲಸ ಅವರು ಚೆನ್ನಾಗಿಯೇ ಮಾಡಿದರು. ನಮ್ಮ ಕೆಲಸ ನಾವೇಕೆ ಮಾಡಲಿಲ್ಲ ಎಂಬುದೇ ಪ್ರಶ್ನೆ.

'ಯಂತ್ರದ ಮಾತು ಕನ್ನಡದಲ್ಲಿ ಆಗುವುದಿಲ್ಲ' ಎನ್ನುವ ಪಂಡಿತರಿದ್ದಾರೆ. ಅವರನ್ನು ಒಂದು ದಿನ ಯಾದಗಿರಿಯ ಗ್ಯಾರೇಜಿನಲ್ಲಿ ಕೂರಿಸಬೇಕು. ಎಂಜಿನ್ ಏಕೆ ಕಾಯುತ್ತದೆ, ಕಮಾನು ಪಟ್ಟಿ ಏಕೆ ಮುರಿಯಿತು, ಟಂಟಂ ಏರಿನಲ್ಲಿ ಏಕೆ ಏದುತ್ತದೆ, ಎಲ್ಲವೂ ಅಲ್ಲಿ ಕನ್ನಡದಲ್ಲೇ ಇತ್ಯರ್ಥವಾಗುತ್ತದೆ. ನಡುವೆ ಉರ್ದು ಬರುತ್ತದೆ, ಇಂಗ್ಲಿಷ್ ಬರುತ್ತದೆ. ಬರಲಿ! ಗೇರ್, ಕ್ಲಚ್, ಸೈಲೆನ್ಸರ್ ಎಂದೋ ಕನ್ನಡದ ಮನೆಗೆ ಬಂದು ಊಟ ಮಾಡಿದ ಪದಗಳು. ವಾಕ್ಯ ನಮ್ಮದಾಗಿದ್ದರೆ ಸಾಕು.

ಇನ್ನೊಂದು ಮಾತು. 1948ರ ಸೆಪ್ಟೆಂಬರ್‌ವರೆಗೆ ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಹೊಲ ಕನ್ನಡಿಗನದು, ಹೊಲದ ಕಾಗದ ಮಾತ್ರ ಅವನು ಓದಲಾಗದ ಭಾಷೆಯಲ್ಲಿ! ನಮ್ಮ ತಾತಂದಿರು ಆ ನೋವು ಉಂಡವರು. ಆದರೆ ಅದೇ ನಿಜಾಮನಿಂದ ಕಲಿಯಬೇಕಾದದ್ದೂ ಇದೆ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್‌ಗಳನ್ನೂ ಉರ್ದುವಿನಲ್ಲೇ ಕಲಿಸಿದರು. ಅದಕ್ಕೆಂದೇ ಅನುವಾದದ ಇಲಾಖೆ ಕಟ್ಟಿದರು. ಭಾರತದ ಭಾಷೆಯೊಂದು ಯಂತ್ರವನ್ನು ಹೊರಬಲ್ಲದು ಎಂದು ನೂರು ವರ್ಷದ ಹಿಂದೆಯೇ ನಮ್ಮ ಪಕ್ಕದಲ್ಲೇ ಸಾಬೀತಾಯಿತು. ಉರ್ದುವಿಗೆ ಆದದ್ದು ಕನ್ನಡಕ್ಕೆ ಏಕಾಗದು?

ಜಪಾನಿನ ಹುಡುಗರನ್ನು ನೋಡಿ. 1981ರಿಂದ 'ಆಪ್ಷನ್' ಎಂಬ ಪತ್ರಿಕೆ ಅಲ್ಲಿ ಮಾಡಿಫೈ ಮಾಡಿದ ಕಾರುಗಳ ಕಥೆಯನ್ನು ಜಪಾನಿ ಭಾಷೆಯಲ್ಲಿ ಹೇಳಿತು. ಓದಲು ಬಾರದ ಹೊರದೇಶದವರು ಅದರ ಚಿತ್ರಗಳನ್ನು ಹುಡುಕಿಕೊಂಡು ಹೋದರು.

ಅಷ್ಟು ದೂರ ಏಕೆ? ಬೆಳಗಾವಿ, ವಿಜಯಪುರಗಳ ಗಡಿಗೆ ತಾಗಿದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ್ ಎಂಬ ಕಮ್ಮಾರ ಗುಜರಿ ಸಾಮಾನು ಸೇರಿಸಿ ಸುಮಾರು 60,000 ರೂಪಾಯಿಯಲ್ಲಿ ಮಗನಿಗಾಗಿ ಪುಟ್ಟ ಜೀಪು ಕಟ್ಟಿದರು. ಬೈಕಿನಂತೆ ಕಿಕ್ ಹೊಡೆದು ಚಾಲೂ ಮಾಡುವ ಜೀಪು! 2021ರ ಡಿಸೆಂಬರಿನಲ್ಲಿ ಅದರ ವೀಡಿಯೊ ಕಂಡ ಆನಂದ್ ಮಹೀಂದ್ರಾ, ಇದು ನಿಯಮಕ್ಕೆ ಒಗ್ಗದು, ಅಧಿಕಾರಿಗಳು ಇಂದಲ್ಲ ನಾಳೆ ತಡೆಯುತ್ತಾರೆ ಎಂದು ಹೇಳಿಯೇ, ಬದಲಿಗೆ ಬೊಲೆರೊ ಕೊಡುವೆನೆಂದರು. 2022ರ ಜನವರಿಯಲ್ಲಿ ಕೊಟ್ಟರು. ಆ ಕಮ್ಮಾರ ಇಂಗ್ಲಿಷ್ ಪತ್ರಿಕೆಯ ಬಾಗಿಲು ಬಡಿಯಲಿಲ್ಲ. ಕೆಲಸ ಮಾತಾಡಿತು, ಜಗತ್ತು ಅವರ ಮನೆಗೆ ಬಂತು.

ಈ ಕಥೆಯ ಇನ್ನೊಂದು ಮುಖವನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಸಿಎನ್‌ಜಿ, ಬ್ಯಾಟರಿಗೆ ಬದಲಿಸಲು, ಅಂಗವಿಕಲರ ಅನುಕೂಲಕ್ಕೆ ಗಾಡಿ ಹೊಂದಿಸಲು ಕಾನೂನು ಅವಕಾಶ ಕೊಟ್ಟಿದೆ. ನಿಯಮದಂತೆ ಆರ್‌ಟಿಒ ಒಪ್ಪಿಗೆ ಪಡೆಯಬೇಕು. ಇದನ್ನು ಸರಳ ಕನ್ನಡದಲ್ಲಿ ಬರೆದು ಪ್ರತಿ ಗ್ಯಾರೇಜಿನ ಗೋಡೆಗೆ ಅಂಟಿಸಬೇಕಾದವರು ಯಾರು? ಗೊತ್ತಿಲ್ಲದೆ ಮಾಡಿ, ಹೆಮ್ಮೆಯಿಂದ ಫೋಟೋ ಅಚ್ಚು ಹಾಕಿಸಿದರೆ ಕೆಎ 33ರ ಆ ನಂಬರ್ ಪ್ಲೇಟೇ ನಿಮ್ಮ ವಿರುದ್ಧ ಸಾಕ್ಷಿ!

ನಂಬರ್ ಪ್ಲೇಟಿನ ಮಾತು ಬಂತು. ಕೇಂದ್ರದ 1989ರ ನಿಯಮ ಅದರಲ್ಲಿ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ಆ ನಿಯಮ ಬದಲಾಗಲಿ ಎಂದು ಹೋರಾಡೋಣ. ಆದರೆ ಕನ್ನಡಾಭಿಮಾನ ಪ್ಲೇಟಿನಷ್ಟಕ್ಕೇ ನಿಂತರೆ ಅದು ತಗಡಿನ ಅಭಿಮಾನ. ಬಾನೆಟ್ಟಿನ ಒಳಗೂ ಕನ್ನಡ ಬೇಕು.

ದಾರಿ ತೋರಿಸಿದವರು ನಮ್ಮಲ್ಲೇ ಇದ್ದಾರೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬೆಳೆದವನೇ ಬರೆದ, ಬೆಳೆಯುವವನು ಓದಿದ. ಮಿಸ್ತ್ರಿಯ ಕೈಗೆ ಲೇಖನಿ ಕೊಡುವವರು ಯಾರು?

ನೀವೇ! ಬೆಂಗಳೂರಿನಲ್ಲಿ, ಕಲಬುರಗಿಯಲ್ಲಿ ಓದಿ ಕೆಲಸ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಗ್ಯಾರೇಜಿಗೆ ಹೋಗಿ. ಮಿಸ್ತ್ರಿಯನ್ನು 'ಕಾಕಾ, ಇದನ್ನು ಹ್ಯಾಂಗ ಮಾಡಿದಿರಿ?' ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಖರ್ಚೆಷ್ಟು, ಎಲ್ಲಿ ತಪ್ಪಿತು, ಹೇಗೆ ಸರಿಹೋಯಿತು, ಎಲ್ಲವೂ ಇರಲಿ. ಎಂಟು ಪುಟದ ಪತ್ರಿಕೆಯಾದರೂ ಸರಿ, ಅಚ್ಚು ಹಾಕಿ. ಐಟಿಐ ಹುಡುಗರ ಕೈಗೆ ಕೊಡಿ. ಇಂಗ್ಲಿಷ್ ಪತ್ರಿಕೆಯಲ್ಲಿ ನಿಮ್ಮ ಗಾಡಿ ಬಂದರೆ ಸಂತೋಷಪಡಿ, ನಾವೂ ಪಡುತ್ತೇವೆ. ಆದರೆ ಮೊದಲು ಅದು ಕನ್ನಡದಲ್ಲಿ ಬರಲಿ.

ಮೊದಲ ಪ್ರತಿಯನ್ನು ಆ ಮಿಸ್ತ್ರಿಗೇ ಕೊಡಿ. ಕೈ ಒರೆಸಿಕೊಂಡು ಅವರು ಫೋಟೋವನ್ನಷ್ಟೇ ನೋಡಿ ನಗುವ ಕಾಲ ಮುಗಿಯಲಿ. ತಮ್ಮ ಕೆಲಸದ ಕಥೆಯನ್ನು ಅವರು ಗಟ್ಟಿಯಾಗಿ ಓದಲಿ, ಓಣಿಗೆಲ್ಲ ಕೇಳುವ ಹಾಗೆ!