ಪುಟ್ಟ ರೈಲಿನ ಮೇಲಿನ ಅಕ್ಷರ

ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಆ ಅವಧಿಯಲ್ಲಿ ನನ್ನನ್ನು ಅತ್ಯಂತ ಕಾಡಿದ ಲೆಕ್ಕ ಯಾವುದೆಂದು ಯಾರಾದರೂ ಕೇಳಿದರೆ ರೈಲಿನ ಲೆಕ್ಕವೆಂದೇ ಹೇಳುತ್ತೇನೆ. 200 ಮೀಟರ್ ಉದ್ದದ ರೈಲೊಂದು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತ 400 ಮೀಟರ್ ಉದ್ದದ ಸೇತುವೆಯನ್ನು ದಾಟಲು ಎಷ್ಟು ಸಮಯ ಬೇಕು? ಉತ್ತರ 40 ಸೆಕೆಂಡು. ಸೇತುವೆಯ ಉದ್ದಕ್ಕೆ ರೈಲಿನ ಉದ್ದವನ್ನೂ ಕೂಡಬೇಕು ಎಂಬುದು ಅದರ ಗುಟ್ಟು. 1992ರ ಸುಮಾರಿಗೆ ಪೋತ್ನಾಳದಲ್ಲಿ ಈ ಲೆಕ್ಕ ಬಿಡಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಬಸ್ಸಿನ ಲೆಕ್ಕದಾಗ ಬಸ್ಸಿನ ಉದ್ದ ಕೂಡಂಗಿಲ್ಲ, ರೈಲಿಂದು ಯಾಕ ಕೂಡಬೇಕ್ರಿ?" ಎಂದು ಕೇಳಿದ. ತರಗತಿಯಲ್ಲಿ ರೈಲನ್ನು ಕಣ್ಣಾರೆ ಕಂಡವರು ಎಷ್ಟು ಜನ ಎಂದು ಕೈ ಎತ್ತಿಸಿದೆ. ನಾಲ್ಕೇ ಕೈಗಳು ಮೇಲೆದ್ದವು.

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ ಕೂಡಿದ್ದು ನಮ್ಮ ಜಿಲ್ಲಾ ಕೇಂದ್ರದಲ್ಲಿಯೇ. ಆದರೂ ಅದಾಗಿ ನೂರಿಪ್ಪತ್ತು ವರ್ಷಗಳ ನಂತರ ಅದೇ ಜಿಲ್ಲೆಯ ಮಕ್ಕಳು ರೈಲನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದರು.

ಆ ವಾರವೇ ರಟ್ಟಿನಿಂದ ಒಂದು ರೈಲು ಮಾಡಿದೆ. ಎಂಜಿನ್ನಿಗೆ ಐದು ಬೋಗಿಗಳು, ಹುರಿಯಿಂದ ಕಟ್ಟಿದ ಕೊಂಡಿ. ಮನೆಯ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಆಯಿಲ್ ಪೇಂಟನ್ನೇ ಅದಕ್ಕೂ ಬಳಿದೆ. ಮಕ್ಕಳಿಗೆ ಸಂತೋಷವಾಗಲೆಂದು ಬೋಗಿಗಳ ಪಕ್ಕೆಯ ಮೇಲೆ 'ರಾಯಚೂರು–ಪೋತ್ನಾಳ' ಎಂದು ದುಂಡಗೆ ಬರೆದೆ. ಲೆಕ್ಕ ಎಲ್ಲರಿಗೂ ಅರ್ಥವಾಯಿತು. ಆದರೆ ಮೂರನೆಯ ದಿನ ವಿದ್ಯಾರ್ಥಿಯೊಬ್ಬನ ಅಜ್ಜಿ ಶಾಲೆಯ ಬಾಗಿಲಿಗೆ ಬಂದು ನಿಂತಳು. "ಮಾಸ್ತರ, ನಮ್ಮೂರಿಗೆ ಗಾಡಿ ಬರ್ತದಂತ, ಹುಡುಗ ಹೇಳಿದ. ಯಾವಾಗ ಬರ್ತದ್ರಿ? ಮಗಳು ದುಡೀಲಿಕ್ಕೆ ಪುಣೆಕ್ಕ ಹೋಗ್ಯಾಳ. ಒಂದ್ಸಲ ನೋಡಿ ಬರ್ತೀನಿ" ಎಂದಳು.

ಅದು ಮಕ್ಕಳ ಆಟದ್ದು ಎಂದು ಹೇಳುವಷ್ಟರಲ್ಲಿ ನನ್ನ ನಾಲಿಗೆ ಒಣಗಿತ್ತು. ಆಕೆ ಬೇಸರಪಡಲಿಲ್ಲ. "ಬರದಿದ್ರ ಯಾಕ ಬರದ್ರಿ?" ಎಂದಷ್ಟೇ ಕೇಳಿ ಹೊರಟುಹೋದಳು. ಬರುವುದಿಲ್ಲವಾದರೆ ಏಕೆ ಬರೆದಿರಿ ಎಂಬ ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಒಂದು ಅಭಿಪ್ರಾಯವಿದೆ. ಮಾದರಿಯ ಮೇಲೆ ಬರೆದ ಅಕ್ಷರಕ್ಕೆ ಕರಿಹಲಗೆಯ ಮೇಲೆ ಬರೆದ ಅಕ್ಷರದಷ್ಟೇ ಜವಾಬ್ದಾರಿ ಇರಬೇಕು ಎಂಬುದೇ ಅದು.

ನಿವೃತ್ತಿಯ ನಂತರ ಈ ವಿಷಯ ಮತ್ತೆ ನನ್ನ ಮೇಜಿನ ಮೇಲೆ ಬಂದು ಕುಳಿತಿತು. ಮಗ ಬೆಂಗಳೂರಿನಿಂದ ಮೊಮ್ಮಗನಿಗೆಂದು ಒಂದು ಮಾದರಿ ರೈಲನ್ನು ತಂದುಕೊಟ್ಟ. ಸೊಗಸಾದ ಕೆಲಸ, ಆದರೆ ಅದರ ಮೈಮೇಲಿದ್ದದ್ದು ಅಮೆರಿಕದ ಒಂದು ರೈಲು ಕಂಪನಿಯ ಹೆಸರು. "ತಾತ, ಇದು ಎಲ್ಲಿಗೆ ಹೋಗ್ತದ?" ಎಂದು ಹುಡುಗ ಕೇಳಿದ. ನಮ್ಮ ಕಡೆಗೆ ಬರುವುದಿಲ್ಲ ಎಂದೆ. "ಹಂಗಾದ್ರ ನಮ್ಮದು ಮಾಡೋಣು" ಎಂದ. ಚಕ್ರಗಳ ಜೋಡಣೆಯನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಪ್ಲಾಸ್ಟಿಕ್ ಹಾಳೆಯಿಂದ ಹೊಸದಾಗಿ ಕಟ್ಟುವುದೆಂದು ಅಜ್ಜ ಮೊಮ್ಮಗ ನಿಶ್ಚಯಿಸಿದೆವು.

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ದೊಡ್ಡ ಪರಂಪರೆಯಿದೆ. ಅಲ್ಲಿ ಹತ್ತಿಪ್ಪತ್ತು ಮೈಲಿ ಮಾತ್ರ ಓಡುವ ಸಣ್ಣ ರೈಲು ಕಂಪನಿಗಳುಂಟು. ಆ ಊರಿನವರು ಅವುಗಳ ಬಣ್ಣ, ಸಂಖ್ಯೆ, ಲಾಂಛನಗಳನ್ನು ಗಮನವಿಟ್ಟು ನೋಡಿ ತಮ್ಮ ಪುಟ್ಟ ಎಂಜಿನ್ನುಗಳಿಗೆ ಹಾಕುತ್ತಾರೆ. ನಮ್ಮಲ್ಲಿಯೂ ಸಣ್ಣ ಮಾರ್ಗಗಳಿಗೆ ಕೊರತೆಯಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 762 ಮಿಲಿಮೀಟರ್ ಅಗಲದ ಕಿರುಹಳಿ ಹಾಕಿದರು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಅದೇ ಅಳತೆಯ ಹಳಿ ಬಂತು. ದಶಕಗಳ ಕಾಲ ರೈತರನ್ನೂ ಸಂತೆಯ ಸರಕನ್ನೂ ಹೊತ್ತ ಆ ಕಿರುಹಳಿ ಈಗ ಇಲ್ಲ. ಕೋಲಾರ–ಚಿಕ್ಕಬಳ್ಳಾಪುರದ ನಡುವೆ 2013ರಲ್ಲಿ ಅಗಲ ಹಳಿ ಬಂತು. ಅಗಲ ಹಳಿ ಬೇಕೇ ಇತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಹಳೆಯ ಬೋಗಿ ಹೇಗಿತ್ತು, ಅದರ ಮೇಲೆ ಏನು ಬರೆದಿತ್ತು ಎಂಬುದನ್ನು ಮುಂದಿನವರಿಗೆ ತೋರಿಸಲು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಂಥ ಒಂದೆರಡು ಸ್ಥಳಗಳು ಮಾತ್ರ ಸಾಲುವುದಿಲ್ಲ. ಅದು 1979ರಲ್ಲಿ ಆರಂಭವಾದ ಅಮೂಲ್ಯ ಸಂಸ್ಥೆ. ಆದರೆ ಮಾನ್ವಿಯ ಹುಡುಗನಿಗೆ ಮೈಸೂರು ದೂರ.

ಬಣ್ಣ ಕೇವಲ ಅಲಂಕಾರ ಎಂದು ಬಹಳ ಜನ ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿ ಬಾಗಿಲಿನ ಹಸಿರನ್ನು ಬಳಿದವನು. ರೈಲಿನ ಬಣ್ಣಕ್ಕೆ ಅರ್ಥವಿದೆ. ನನ್ನ ತಾರುಣ್ಯದಲ್ಲಿ ರಾಯಚೂರು ನಿಲ್ದಾಣದಲ್ಲಿ ಕಂಡ ಬೋಗಿಗಳೆಲ್ಲ ಕಂದುಗೆಂಪು. 1990ರ ದಶಕದಲ್ಲಿ ಕಡುನೀಲಿ ಮೈಯ, ಕಿಟಕಿಗಳ ಸಾಲಿಗೆ ತಿಳಿನೀಲಿ ಪಟ್ಟಿಯಿದ್ದ ಬೋಗಿಗಳು ಬಂದವು. ಹಳೆಯವು ನಿರ್ವಾತ ಬ್ರೇಕಿನವು, ನೀಲಿಯವು ಗಾಳಿಯ ಒತ್ತಡದ ಬ್ರೇಕಿನವು. ಪ್ರಯಾಣಿಕನಿಗೆ ಅದು ಹೊಸ ಬಣ್ಣ; ರೈಲ್ವೆ ಕಾರ್ಮಿಕನಿಗೆ ದೂರದಿಂದಲೇ ತಿಳಿಯುವ ಗುರುತು. 2018ರಿಂದ ಅನೇಕ ಹಳೆಯ ಬೋಗಿಗಳಿಗೆ ತಿಳಿಹಳದಿ ಮತ್ತು ಕಂದು ಬಣ್ಣ ಬಂತು. ಕಾಯ್ದಿರಿಸದ ಬೋಗಿಯ ತುದಿಯ ಕಿಟಕಿಗಳ ಮೇಲಿನ ಬಿಳಿಯ ಓರೆಗೆರೆಗಳನ್ನು ನೀವು ನೋಡಿರಬಹುದು. ಅಕ್ಷರ ಬಾರದ ಕೂಲಿಕಾರನೂ ಗಾಡಿ ನಿಲ್ಲುವ ಮೊದಲೇ ತನ್ನ ಡಬ್ಬಿ ಯಾವುದೆಂದು ಆ ಗೆರೆಗಳಿಂದ ತಿಳಿಯಬಲ್ಲ. ಬೋಗಿಯ ಸಂಖ್ಯೆಯ ಮೊದಲೆರಡು ಅಂಕೆಗಳು ಅದು ತಯಾರಾದ ವರ್ಷವನ್ನು ಹೇಳುತ್ತವೆ. 98 ಎಂದಿದ್ದರೆ 1998. ಇವನ್ನೆಲ್ಲ ಬಲ್ಲವನಿಗೆ ಬೋಗಿಯ ಪಕ್ಕೆಯೇ ಒಂದು ಪುಟ.

ಆದ್ದರಿಂದ ನಾವು ಮಾಡಲು ಹೊರಟದ್ದು ಅಂಥದೊಂದು ಕಾಯ್ದಿರಿಸದ ನೀಲಿ ಬೋಗಿಯನ್ನು. ನಮ್ಮ ಭಾಗದ ಜನ ದುಡಿಮೆಗಾಗಿ ಪುಣೆ ಮುಂಬಯಿಗಳಿಗೆ ಹೋದದ್ದು ಅದರಲ್ಲಿಯೇ. 1:87ರ ಅಳತೆಯಲ್ಲಿ 21.34 ಮೀಟರಿನ ಬೋಗಿ 245 ಮಿಲಿಮೀಟರ್ ಆಗುತ್ತದೆ. ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರಂ 17 ಮೀಟರಿಗೂ ಮಿಗಿಲು. ನಮ್ಮ ಮನೆಯ ಪಡಸಾಲೆ ಸಾಲದು ಎಂದು ಮೊಮ್ಮಗನೇ ಲೆಕ್ಕ ಹಾಕಿ ಹೇಳಿದ. ಒಂದು ತೊಡಕೂ ಉಂಟು. ನಮ್ಮ ಅಗಲ ಹಳಿ 1676 ಮಿಲಿಮೀಟರ್. ಅದು ಈ ಅಳತೆಯಲ್ಲಿ 19.3 ಮಿಲಿಮೀಟರ್ ಆಗಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5, ಅದು ಹೊರದೇಶಗಳ 1435ರ ಹಳಿಗೆ ಹೊಂದುವಂಥದು. ಕೋಲಾರದ ಕಿರುಹಳಿಗಾದರೋ ಮಾರುಕಟ್ಟೆಯ 9 ಮಿಲಿಮೀಟರಿನ ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಬಣ್ಣದ ಕೆಲಸಕ್ಕೆ ತಾಳ್ಮೆ ಬೇಕು. ಮೊದಲು ಸೋಪಿನ ನೀರಿನಲ್ಲಿ ತೊಳೆದು ಬೆರಳಿನ ಜಿಡ್ಡು ತೆಗೆಯಬೇಕು. ಬೂದು ಪ್ರೈಮರ್ ಒಣಗಿದ ಮೇಲೆ ತಿಳಿನೀಲಿ. ಅದು ಪೂರ್ತಿ ಒಣಗಿದ ಮೇಲೆ ಕಿಟಕಿಯ ಪಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಕಡುನೀಲಿ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಕೂಡುತ್ತದೆ, ಗಾಢದ ಮೇಲೆ ತಿಳಿ ಬಣ್ಣ ಮಂಕಾಗುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನ ಸಿಂಪಡಿಸಿದರೆ ಬಣ್ಣ ಗಾಳಿಯಲ್ಲಿಯೇ ಒಣಗಿ ಮೈಮೇಲೆ ಹಿಟ್ಟಿನಂತೆ ಉದುರುತ್ತದೆ. ಹೀಗೆ ಒಂದು ಪಕ್ಕೆಯನ್ನು ಕೆಡಿಸಿಕೊಂಡ ಮೇಲೆ ಬೆಳಗಿನ ಆರು ಗಂಟೆಗೆ ಏಳುವುದನ್ನು ರೂಢಿಸಿಕೊಂಡೆವು.

ಅಕ್ಷರಗಳಿಗೆ ಡೆಕಾಲ್ ಎಂಬ ಹಾಳೆ ಬೇಕು. ಹಳೆಯ ಸೈಕಲ್ಲುಗಳ ಮೇಲೆ, ಹೊಲಿಗೆ ಯಂತ್ರಗಳ ಮೇಲೆ ಕಾಣುತ್ತಿದ್ದ ಬಂಗಾರದ ಬಣ್ಣದ ಅಕ್ಷರಗಳನ್ನು ನೆನೆಯಿರಿ, ಅದೇ ಜಾತಿಯದು. ಬೇಕಾದ ಅಕ್ಷರವನ್ನು ಅದರ ಮೇಲೆ ಮುದ್ರಿಸಿ, ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ನೆನೆಸಿದರೆ ಮೇಲಿನ ತೆಳುಪೊರೆ ಸಡಿಲವಾಗುತ್ತದೆ. ಕುಂಚದ ತುದಿಯಿಂದ ಅದನ್ನು ಮೆಲ್ಲಗೆ ಜಾರಿಸಿ ಜಾಗಕ್ಕೆ ಕೂರಿಸಬೇಕು. ಅದಕ್ಕೂ ಮೊದಲು ಮೈಗೆ ಹೊಳಪಿನ ವಾರ್ನಿಷ್ ಕೊಟ್ಟಿರಬೇಕು. ಒರಟು ಮೈಯಾದರೆ ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗಿ ಮೋಸ ಬಯಲಾಗುತ್ತದೆ. ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಷ್ ಕೊಟ್ಟರೆ ಪೊರೆಯ ಅಂಚು ಮರೆಯಾಗುತ್ತದೆ. ಸಾಮಾನ್ಯ ಮುದ್ರಣ ಯಂತ್ರಕ್ಕೆ ಬಿಳಿಯ ಮಸಿ ಇಲ್ಲ. ಅದು ಮುದ್ರಿಸುವ ಹಳದಿಯೂ ನೀಲಿಯ ಮೇಲೆ ಕುಳಿತರೆ ಕಾಣದಾಗುತ್ತದೆ. ಆದ್ದರಿಂದ ಬೋಗಿಯ ಸಂಖ್ಯೆಗೆ ಬಿಳಿ ಡೆಕಾಲ್ ಹಾಳೆಯ ಮೇಲೆ ಸುತ್ತಲೂ ನೀಲಿ ಮುದ್ರಿಸಿ ಅಂಕೆಯ ಜಾಗವನ್ನು ಬಿಡಬೇಕಾಯಿತು. ನಿಲ್ದಾಣದ ನಾಮಫಲಕ ಮಾತ್ರ ಬಡವರ ಬಂಧು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಪಾರದರ್ಶಕ ಹಾಳೆಯ ಮೇಲೆ ಕರಿಮಸಿಯಲ್ಲಿ ಮುದ್ರಿಸಿದರೆ ಸಾಕು. 300 ಮಿಲಿಮೀಟರ್ ಎತ್ತರದ ಅಕ್ಷರ ಇಲ್ಲಿ ಮೂರೂವರೆ ಮಿಲಿಮೀಟರಿಗೂ ಕಡಿಮೆ. ಇಂಗ್ಲಿಷ್ ಅಕ್ಷರ ಆ ಗಾತ್ರದಲ್ಲಿ ಸುಲಭವಾಗಿ ಉಳಿಯುತ್ತದೆ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳು ಒಂದರೊಳಗೊಂದು ಕೂಡಿಕೊಳ್ಳುತ್ತವೆ. 'ಹುಬ್ಬಳ್ಳಿ' ಎಂಬ ಮಾತನ್ನು ಓದುವಂತೆ ಮಾಡಲು ನಾಲ್ಕು ಬಾರಿ ಅಕ್ಷರವಿನ್ಯಾಸ ಬದಲಿಸಿದೆವು. ಕಷ್ಟವೆಂದು ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಿ ಮಾತ್ರ ಬರೆಯೋಣವೆಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ನಿಜವಾದ ಫಲಕದಲ್ಲಿ ಇರುವ ಭಾಷೆಯನ್ನು ಮಾದರಿಯಲ್ಲಿ ಅಳಿಸುವ ಅಧಿಕಾರ ನಮಗಿಲ್ಲ.

ಹೆಸರಿಗೂ ಕಾಲಕ್ಕೂ ಹೊಂದಿಕೆ ಇರಬೇಕು. 1913ರ ಕೋಲಾರ ಗಾಡಿಯನ್ನು ಮಾಡುವವರು ಬೌರಿಂಗ್‌ಪೇಟೆ ಎಂದೇ ಬರೆಯಬೇಕು. ಬಂಗಾರಪೇಟೆ ಎಂದರೆ ಕಾಲ ತಪ್ಪಿತು. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರಲ್ಲಿ, ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂದದ್ದು 2020ರಲ್ಲಿ. ಒಂದು ಫಲಕದ ಮೇಲಿನ ಅಕ್ಷರ ನೋಡಿ ಇಸವಿ ಹೇಳಬಹುದು.

"ಆಟಿಕೆಗೆ ಇಷ್ಟೊಂದು ನಿಷ್ಠುರತೆ ಏಕೆ? ಮಕ್ಕಳ ಕಲ್ಪನೆಗೆ ಅವಕಾಶ ಬೇಡವೇ?" ಎಂದು ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಮಗು ಬೆಂಕಿಪೆಟ್ಟಿಗೆಗಳನ್ನು ಸಾಲಾಗಿಟ್ಟು ರೈಲೆಂದರೆ ಅದು ರೈಲೇ; ಅಲ್ಲಿ ತಿದ್ದುವ ಕೆಲಸ ನಮಗಿಲ್ಲ. ಆದರೆ ಅಳತೆ ಹಾಕಿ, ಬಣ್ಣ ಕೂಡಿಸಿ, ಹೆಸರು ಬರೆದು ತೋರಿಸಿದಾಗ ನೋಡುವವರು ಅದನ್ನು ನಂಬುತ್ತಾರೆ. ನಂಬಿಸುವ ಶಕ್ತಿ ಇರುವೆಡೆ ಸತ್ಯದ ಹೊಣೆಯೂ ಇದೆ. ಇದು ಹಣವಂತರ ಹವ್ಯಾಸ ಎಂಬ ಇನ್ನೊಂದು ಆಕ್ಷೇಪವೂ ಉಂಟು. ವಿದ್ಯುತ್ತಿನಿಂದ ಓಡುವ ಎಂಜಿನ್ನಿಗೆ ಹಣ ಬೇಕು, ನಿಜ. ಅಳೆದು ಕತ್ತರಿಸಿದ ರಟ್ಟಿನ ಬೋಗಿಗೆ ಬೇಕಾದದ್ದು ಅಳತೆಪಟ್ಟಿ, ಗೋಂದು, ಒಂದಿಷ್ಟು ಬಣ್ಣ ಮಾತ್ರ.

ಗಿಣಿಗೇರಾ–ಮಹಬೂಬನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕದ್ದು 1997–98ರಲ್ಲಿ. ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರಿಗೆ ಗಾಡಿ ತಲುಪಿದ್ದು 2024ರಲ್ಲಿ. ಸಿಂಧನೂರಿನಿಂದ ರಾಯಚೂರಿನವರೆಗಿನ ಭಾಗ ನಾನಿದನ್ನು ಬರೆಯುವ ಹೊತ್ತಿಗೆ ಇನ್ನೂ ಮುಗಿದಿಲ್ಲ. ಆ ಅಜ್ಜಿ ಈಗ ಇಲ್ಲ.

ಬೋಗಿ ಮುಗಿದ ದಿನ ಮೊಮ್ಮಗ ಎರಡು ನಾಮಫಲಕಗಳನ್ನು ಹಳದಿ ಬಳಿದು ನಿಲ್ಲಿಸಿದ. ಒಂದಕ್ಕೆ 'ಸಿಂಧನೂರು' ಎಂಬ ಡೆಕಾಲ್ ಕೂರಿಸಿದೆವು. ಇನ್ನೊಂದಕ್ಕೆ 'ಪೋತ್ನಾಳ' ಎಂದು ಹಾಕೋಣವೆಂದ. ನಾನು ಅಜ್ಜಿಯ ಕಥೆಯನ್ನು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುದ್ರಿಸಿಟ್ಟಿದ್ದ ಆ ಮೂರಕ್ಷರದ ತುಣುಕನ್ನು ನನ್ನ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಟ. ನೀರು ತಾಗದಿದ್ದರೆ ಅದು ವರ್ಷಗಟ್ಟಲೆ ಕೆಡುವುದಿಲ್ಲ.

ಈಗಲೂ ಪಾಠ ಮಾಡುತ್ತಿರುವ ಕಿರಿಯ ಮಿತ್ರರಲ್ಲಿ ನನ್ನದೊಂದು ಬಿನ್ನಹವಿದೆ. ರೈಲಿನ ಲೆಕ್ಕ ಬಿಡಿಸುವ ಮೊದಲು ಮಕ್ಕಳನ್ನು ಒಮ್ಮೆ ಸಿಂಧನೂರು ನಿಲ್ದಾಣಕ್ಕೆ ಕರೆದೊಯ್ಯಿರಿ. ಬೋಗಿಯ ಬಣ್ಣ, ಸಂಖ್ಯೆ, ಫಲಕದ ಅಕ್ಷರಗಳನ್ನು ದಿನಾಂಕ ಸಹಿತ ಬರೆದುಕೊಳ್ಳಲು ಹೇಳಿರಿ. ಮರಳಿ ಬಂದು ರಟ್ಟಿನಲ್ಲಿ ಅದನ್ನು ಮಾಡಿಸಿರಿ. ರೈಲಿನ ಉದ್ದವನ್ನು ಏಕೆ ಕೂಡಬೇಕೆಂದು ಆಗ ಯಾರೂ ಕೇಳಲಾರರು. ಮಕ್ಕಳು ಇಲ್ಲದ ಊರಿನ ಹೆಸರು ಬರೆಯಲು ಹೊರಟರೆ ಒಂದು ಕ್ಷಣ ತಡೆದು, ಇದನ್ನು ಓದಿ ಯಾರಾದರೂ ಬುತ್ತಿ ಕಟ್ಟಿಕೊಂಡು ಬಂದರೆ ಏನು ಹೇಳುತ್ತೀರಿ ಎಂದು ಕೇಳಿರಿ.