ಹಾಲ್‌ನಲ್ಲಿ ಉಮ್ಮನ ಮಂಚಕ್ಕೂ ಜಾಗ ಇರಲಿ

ಮೊನ್ನೆ ದಾವಣಗೆರೆಯಲ್ಲಿ ನಮ್ಮ ಕರಾವಳಿ ಕಡೆಯವರದ್ದೇ ಒಂದು ಮನೆಗೆ ಹೋಗಿದ್ದೆ. ಇಪ್ಪತ್ತು ವರ್ಷದ ಹಿಂದೆ ಬಂಟ್ವಾಳ ಕಡೆಯಿಂದ ಬಂದು ಇಲ್ಲಿ ಹೋಟೆಲ್ ಇಟ್ಟವರು. ಮಕ್ಕಳು ಮದ್ರಸದಲ್ಲಿ ನನ್ನ ಹತ್ತಿರವೇ ಕಲಿತವರು. ಹಾಲ್ ಹೊಸದಾಗಿ ಮಾಡಿಸಿದ್ದೇವೆ, ಉಸ್ತಾದರು ಒಮ್ಮೆ ಬಂದು ದುಆ ಮಾಡಿ ಹೋಗಬೇಕು ಅಂತ ಕರೆದಿದ್ದರು.

ಒಳಗೆ ಕಾಲಿಟ್ಟ ಕೂಡಲೇ ಬೇರೆ ಯಾವುದೋ ದೇಶಕ್ಕೆ ಬಂದ ಹಾಗಾಯಿತು. ಗೋಡೆಗೆ ಸಣ್ಣ ಸಣ್ಣ ಗುಲಾಬಿಯ ವಾಲ್‌ಪೇಪರ್. ಹೂವಿನ ಬಟ್ಟೆಯ ದಪ್ಪ ಸೋಫಾ, ಅದರ ಮೇಲೆ ಆರೇಳು ದಿಂಬು. ನೆಲಕ್ಕೆ ಕಾರ್ಪೆಟ್. ಕಿಟಕಿಗೆ ನೆಲ ಮುಟ್ಟುವ ಎರಡು ಪದರದ ಪರದೆ. ಸೀಲಿಂಗ್‌ಗೆ ಮರದ ತೊಲೆಯಂತೆ ಕಾಣುವ ಪಟ್ಟಿಗಳು. ಒಂದು ಗೋಡೆಯಲ್ಲಿ ಬೆಂಕಿಗೂಡು ಕೂಡ ಇತ್ತು. ಅದರಲ್ಲಿ ಬೆಂಕಿ ಇಲ್ಲ, ಬೆಂಕಿಯಂತೆ ಕುಣಿಯುವ ಎಲ್‌ಇಡಿ ಬೆಳಕು.

“ಇದಕ್ಕೆ ಇಂಗ್ಲಿಷ್ ಕಾಟೇಜ್ ಸ್ಟೈಲ್ ಅಂತ ಹೇಳುದು ಉಸ್ತಾದ್” ಎಂದಳು ಮನೆಯ ಸೊಸೆ. ಮೊಬೈಲಿನಲ್ಲಿ ನೋಡಿ ನೋಡಿ ಎಲ್ಲವನ್ನೂ ಅವಳೇ ಆರಿಸಿದ್ದಂತೆ.

ಚಂದ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನನ್ನ ಕಣ್ಣು ಕಿಟಕಿಯ ಪಕ್ಕದ ಜಾಗವನ್ನು ಹುಡುಕಿತು. ಅಲ್ಲಿ ಯಾವಾಗಲೂ ಒಂದು ಹಳೆಯ ಮರದ ಮಂಚ ಇರುತ್ತಿತ್ತು. ಅದರ ಮೇಲೆ ತಸ್‌ಬೀಹ್ ಹಿಡಿದುಕೊಂಡು ಆ ಮನೆಯ ಉಮ್ಮ ಕೂತಿರುತ್ತಿದ್ದರು. ಶಾಲೆಯಿಂದ ಬರುವ ಮೊಮ್ಮಕ್ಕಳನ್ನು ಮೊದಲು ಕಾಣುತ್ತಿದ್ದವರು, ಹೋಗುವವರಿಗೆ ಕೊನೆಗೆ ಸಲಾಂ ಹೇಳುತ್ತಿದ್ದವರು ಅವರೇ. ಕೇಳಿದೆ. ಮಂಚ ಹಿಂದಿನ ಕೋಣೆಗೆ ಹೋಗಿದೆ, ಬಣ್ಣ ಮ್ಯಾಚ್ ಆಗ್ಲಿಲ್ಲ ಅಂದರು. ಅಲ್ಲಿಗೆ ಹೋಗಿ ನೋಡಿದೆ. “ಎಂತ ಮಾಡುದು ಉಸ್ತಾದ್, ಇಲ್ಲಿಂದ ರಸ್ತೆ ಕಾಣುದಿಲ್ಲ” ಅಂತ ಉಮ್ಮ ನಕ್ಕರು. ದೂರು ಹೇಳಲಿಲ್ಲ. ಅದೇ ನನ್ನ ಮನಸ್ಸಿಗೆ ನಾಟಿತು.

ಇಂಥ ವಿಷಯ ಬಂದಾಗ ನಾವು ಗಂಡಸರು ‘ಇದೆಲ್ಲ ದುಂದು’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ನಾನು ಹಾಗೆ ಹೇಳುವುದಿಲ್ಲ. ನಮಗೆ ಅಂಗಡಿ ಇದೆ, ಮಸೀದಿ ಇದೆ, ನಾಲ್ಕು ಜನರ ಜೊತೆ ಚಾ ಕುಡಿಯುವ ಜಾಗ ಇದೆ. ಬೆಳಗ್ಗಿನಿಂದ ರಾತ್ರಿವರೆಗೆ ಆ ನಾಲ್ಕು ಗೋಡೆಯ ಮಧ್ಯೆ ಇರುವವಳು ಮನೆಯ ಹೆಂಗಸು. ಆ ಕೋಣೆ ಬೆಚ್ಚಗೆ, ಚಂದವಾಗಿ ಇರಬೇಕು ಅಂತ ಅವಳಿಗೆ ಅನಿಸಿದರೆ ಅದರಲ್ಲಿ ತಪ್ಪೇನಿದೆ? ನನ್ನ ತಕರಾರು ಚಂದದ ಬಗ್ಗೆ ಅಲ್ಲ. ಕಾಟೇಜ್ ಅಂದರೆ ಏನು ಅಂತ ತಿಳಿಯದೆ ಅದರ ಫೋಟೋವನ್ನು ಮಾತ್ರ ಮನೆಗೆ ತಂದದ್ದರ ಬಗ್ಗೆ.

ಇಂಗ್ಲೆಂಡಿನಲ್ಲಿ ಕಾಟೇಜ್ ಅಂದರೆ ಮೂಲದಲ್ಲಿ ಹಳ್ಳಿಯ ಕೂಲಿಕಾರನ, ಸಣ್ಣ ರೈತನ ಗುಡಿಸಲು. ಚಾವಣಿ ತಗ್ಗು, ಕಿಟಕಿ ಸಣ್ಣದು, ಗೋಡೆ ದಪ್ಪ. ಎಲ್ಲ ಚಳಿಗೆ. ಬೆಂಕಿಗೂಡು ಅಲಂಕಾರಕ್ಕಲ್ಲ, ಅಡುಗೆಗೆ ಮತ್ತು ಮೈ ಕಾಯಿಸಲಿಕ್ಕೆ. ಒಂದು ಕುರ್ಚಿ ಅಜ್ಜನ ಕಾಲದ್ದು, ಇನ್ನೊಂದು ಎಲ್ಲಿಂದಲೋ ಬಂದದ್ದು. ಹರಿದ ಬಟ್ಟೆಗಳನ್ನು ಜೋಡಿಸಿ ಹೊಲಿದ ಹೊದಿಕೆ. ಒಂದಕ್ಕೊಂದು ಮ್ಯಾಚ್ ಆಗದೆ ಇರುವುದೇ ಆ ಮನೆಯ ಲಕ್ಷಣ. 18ನೇ ಶತಮಾನದ ಕೊನೆಗೆ ಅಲ್ಲಿನ ಶ್ರೀಮಂತರಿಗೆ ಬಡವರ ಮನೆಯ ಚಂದ ಕಂಡಿತು. ಅವರು ಅದನ್ನೇ ದೊಡ್ಡ ಖರ್ಚಿನಲ್ಲಿ ಕಟ್ಟಿಸತೊಡಗಿದರು. ಈಗ ನಮ್ಮ ಮೊಬೈಲಿಗೆ ಬರುವುದು ಆ ಶ್ರೀಮಂತರ ನಕಲಿನ ನಕಲು.

ಆ ಹೂವಿನ ಬಟ್ಟೆಯ ಕಥೆಯಂತೂ ಇನ್ನೂ ವಿಚಿತ್ರ. ಇಂಗ್ಲಿಷರು ಅದನ್ನು ‘ಚಿಂಟ್ಜ್’ ಅನ್ನುತ್ತಾರೆ. ಆ ಹೆಸರೂ ನಮ್ಮ ದೇಶದ್ದು, ಬಟ್ಟೆಯೂ ನಮ್ಮದು. ನಮ್ಮ ಅಜ್ಜಿಯಂದಿರು ‘ಚೀಟಿ ಬಟ್ಟೆ’ ಅನ್ನುತ್ತಿದ್ದರಲ್ಲ, ಅದೇ ಇದು. 17ನೇ ಶತಮಾನದಲ್ಲಿ ಹಡಗಿನಲ್ಲಿ ಹೋದ ಭಾರತದ ಹೂವಿನ ಹತ್ತಿ ಬಟ್ಟೆಗೆ ಅಲ್ಲಿನ ಜನ ಎಷ್ಟು ಮರುಳಾದರೆಂದರೆ, ತಮ್ಮ ಉಣ್ಣೆ, ರೇಷ್ಮೆ ನೇಕಾರರು ಉಳಿಯಬೇಕು ಅಂತ ಅಲ್ಲಿನ ಪಾರ್ಲಿಮೆಂಟ್ 1700ರಲ್ಲಿ, ಮತ್ತೆ 1721ರಲ್ಲಿ ಕಾನೂನು ಮಾಡಿ ಅದನ್ನು ತಡೆಯಬೇಕಾಯಿತು. 1774ರಲ್ಲಿ ಆ ನಿರ್ಬಂಧ ತೆಗೆಯುವ ಹೊತ್ತಿಗೆ ಅವರೇ ಹತ್ತಿ ಬಟ್ಟೆ ನೇಯಲು, ಹೂವು ಅಚ್ಚು ಹಾಕಲು ಕಲಿತಾಗಿತ್ತು. ಮುಂದೆ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಬಂದು ನಮ್ಮ ನೇಕಾರರ ಹೊಟ್ಟೆಗೆ ಹೊಡೆಯಿತು.

ಈ ದಾವಣಗೆರೆಗೆ ಏನು ಹೆಸರಿತ್ತು ನೆನಪಿದೆಯಲ್ಲ? ಕರ್ನಾಟಕದ ಮ್ಯಾಂಚೆಸ್ಟರ್! ಹತ್ತಿ ಗಿರಣಿಗಳ ಸೈರನ್‌ಗೆ ಎದ್ದು ಮಲಗುತ್ತಿದ್ದ ಊರು ಇದು. ಆ ಕಾಲ ಹೋಯಿತು. ಅಂಥ ಊರಿನಲ್ಲಿ ಕೂತು ನಾವು ಇಂಗ್ಲಿಷ್ ಹೂವಿನ ಬಟ್ಟೆ ಅಂತ ಕಂತಿನಲ್ಲಿ ಸೋಫಾ ತರುತ್ತಿದ್ದೇವೆ. ಮಂಡಿಪೇಟೆ, ಚೌಕಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಒಂದು ಸುತ್ತು ಬಂದರೆ ತೆಳ್ಳಗಿನ ಹೂವಿನ ಹತ್ತಿ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹತ್ತಿರದ ಟೈಲರ್ ಪರದೆಯನ್ನೂ ದಿಂಬಿನ ಕವರನ್ನೂ ಹೊಲಿದು ಕೊಡುತ್ತಾನೆ.

ಇನ್ನು ಹವೆ. ಏಪ್ರಿಲ್, ಮೇ ತಿಂಗಳಲ್ಲಿ 38 ಡಿಗ್ರಿ ದಾಟುವ ಬಯಲುಸೀಮೆ ಇದು. ಧೂಳು ಬೇರೆ. ಚಳಿಯವರ ಕಾರ್ಪೆಟ್, ದಪ್ಪ ಪರದೆ ಇಲ್ಲಿ ಧೂಳು ಹಿಡಿಯುತ್ತದೆ. ದಮ್ಮು ಇದ್ದವರಿಗೆ ಅದು ಕಷ್ಟ. ಬೆಂಕಿಗೂಡಿನ ಎದುರು ಕೂತು ಎ.ಸಿ. ಹಾಕುವುದು ಯಾವ ಲೆಕ್ಕ? ಊರಲ್ಲಿ ನಮ್ಮ ಹಿರಿಯರ ಮನೆ ನೆನಪು ಮಾಡಿಕೊಳ್ಳಿ. ಮೇಲೆ ಮಂಗಳೂರು ಹೆಂಚು, ಎದುರಿಗೆ ಜಗಲಿ, ಕೆಂಪು ನೆಲ, ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಆ ಹೆಂಚನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಮಾಡಲು ಶುರು ಮಾಡಿದ್ದು. ಹೊರಗಿನವರು ತಂದ ವಿದ್ಯೆಯೇ. ಆದರೆ ಮಣ್ಣು ನಮ್ಮದು, ಮಳೆ ನಮ್ಮದು, ಹಾಗಾಗಿ ಅದು ನಮ್ಮದೇ ಆಯಿತು. ಹೊರಗಿನದ್ದು ಬೇಡ ಅಂತ ನಾನು ಹೇಳುವುದಿಲ್ಲ. ಇಲ್ಲಿಯ ಮಣ್ಣಿಗೆ, ಬಿಸಿಲಿಗೆ ಹೊಂದಬೇಕು ಅಷ್ಟೆ.

ಅದೇ ವಾರ ಹರಿಹರದಲ್ಲಿ ಇನ್ನೊಂದು ಮನೆಗೆ ಹೋಗುವ ಕೆಲಸ ಇತ್ತು. ಮನೆಯ ಯಜಮಾನರು ಕಾರ್ಖಾನೆಯಲ್ಲಿ ಟರ್ನರ್ ಆಗಿ ದುಡಿದು ಈಗ ಮನೆಯಲ್ಲಿ ಇರುವವರು. ಹಾಲ್ ಅಂದರೆ ಹತ್ತಡಿ ಅಗಲ. ಸುಣ್ಣದ ಬಿಳಿ ಗೋಡೆ. ಹಳೆಯ ಸಾಗುವಾನಿ ಬೆಂಚಿನ ಮೇಲೆ ಮಡಚಿ ಹಾಸಿದ ಕೌದಿ. ಕಿಟಕಿಗೆ ಹಳೆಯ ಸೀರೆಯಿಂದ ಮಾಡಿದ ಪರದೆ, ಹಿಡಿಕೆ ಮುರಿದ ಜಗ್ಗಿನಲ್ಲಿ ನಾಲ್ಕು ಸೇವಂತಿಗೆ, ಗೋಡೆಯ ಗೂಡಿನಲ್ಲಿ ಕಿತಾಬುಗಳು. ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ಐದು ಜನ ಬಂದರೂ ಚಾಪೆ ಬಿಡಿಸಿ ಕೂರಿಸಿದರು. ನಾನು ಒಳಗೊಳಗೇ ನಕ್ಕೆ. ಇಂಗ್ಲೆಂಡಿನ ಹಳ್ಳಿಯವನೊಬ್ಬ ಬಂದರೆ, ಇದು ನಮ್ಮ ಅಜ್ಜಿಯ ಮನೆ ಅಂತ ಹೇಳುತ್ತಿದ್ದ.

ಕೌದಿ ಅಂದೆನಲ್ಲ, ಅದನ್ನು ಹಗುರ ಮಾಡಬೇಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಹೊಲಿಯುವ ‘ಕವಂದಿ’ ಅಮೆರಿಕದವರೆಗೆ ಹೋಗಿ ಪ್ರದರ್ಶನಗೊಂಡಿದೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನವರೆಗೆ ಹೊಲಿಯುತ್ತಾ ಬರುತ್ತಾರೆ. ಮೂಲೆಗಳಲ್ಲಿ ‘ಫೂಲ’ ಅನ್ನುವ ತ್ರಿಕೋನದ ತುಂಡು ಇಡದಿದ್ದರೆ ಕವಂದಿ ಬತ್ತಲೆ ಇದ್ದ ಹಾಗೆ ಅನ್ನುತ್ತಾರೆ. ಆ ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ, ಎಲ್ಲರ ಮನೆಯಲ್ಲೂ ಕವಂದಿ ಇದೆ. ನಾವೋ, ಅಜ್ಜಿ ಹೊಲಿದದ್ದನ್ನು ಅಟ್ಟಕ್ಕೆ ಹಾಕಿ ಅದರ ಫೋಟೋ ಅಚ್ಚು ಹಾಕಿದ ಹೊದಿಕೆಯನ್ನು ಅಂಗಡಿಯಿಂದ ತರುತ್ತೇವೆ. ಕಂಬಳಿ ಬೇಕೆಂದರೆ ಚಳ್ಳಕೆರೆ ಏನು ದೂರವೇ?

ನಮ್ಮ ಹಾಲ್ ಫೋಟೋ ತೆಗೆಯಲಿಕ್ಕೆ ಮಾತ್ರ ಅಲ್ಲ. ಬಂದವರಿಗೆ ಕೂರಲು, ಮಕ್ಕಳಿಗೆ ಓದಲು, ಹೊತ್ತಾದಾಗ ಮುಸಲ್ಲಾ ಹಾಸಲು, ವಯಸ್ಸಾದವರಿಗೆ ನಾಲ್ಕು ಜನರ ಮುಖ ಕಾಣಲು ಇರುವ ಜಾಗ ಅದು. ಸಾಮಾನು ತುಂಬಿ ನೆಲವೇ ಉಳಿಯದಿದ್ದರೆ, ಕಂತು ಕಟ್ಟಲು ಮಗ ರಾತ್ರಿ ಹನ್ನೆರಡರವರೆಗೆ ಗಲ್ಲಾದಲ್ಲೇ ಕೂರಬೇಕಾದರೆ, ಆ ಬೆಚ್ಚಗಿನ ಕೋಣೆಯಲ್ಲಿ ಕೂರುವವರು ಯಾರು?

ಹೊರಡುವಾಗ ಆ ಸೊಸೆಗೆ ಇಷ್ಟೇ ಹೇಳಿ ಬಂದೆ: “ಮಗಾ, ನೀನು ಮೆಚ್ಚಿದ ಸ್ಟೈಲ್ ಚಂದದ್ದೇ. ಆದರೆ ಅದರಲ್ಲಿ ಹಳೆಯ ಮರವೇ ದೊಡ್ಡ ಆಸ್ತಿ. ನಿನ್ನ ಹಾಲ್‌ನಲ್ಲಿ ನಿಜವಾಗಿ ಹಳೆಯದು ಅಂತ ಇದ್ದದ್ದು ಒಂದೇ, ಮಾಮಿಯ ಮಂಚ. ಅದನ್ನೇ ಹಿಂದೆ ಹಾಕಿದ್ದೀಯಲ್ಲ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೆ ಹೂವಿನ ಹಾಸು ಹಾಕಿದರೆ ಮ್ಯಾಚ್ ಆಗ್ಬಹುದಾ ಉಸ್ತಾದ್?” ಅಂತ ಕೇಳಿದಳು.

ಆಗುತ್ತದೆ. ಮಂಚದ ಜೊತೆ ಉಮ್ಮನೂ ಮತ್ತೆ ಕಿಟಕಿಯ ಹತ್ತಿರ ಬರುತ್ತಾರೆ. ಈ ಲೇಖನ ಓದುತ್ತಿರುವವರು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಏನಿದೆ, ಯಾರಿದ್ದಾರೆ ಅಂತ ಒಮ್ಮೆ ನೋಡಿ ಬನ್ನಿ. ಹೊಸ ಸೋಫಾ ಆಮೇಲೆ ತರಬಹುದು.